ನಾಲ್ಕು ವರ್ಷ ಕಾದ ಭಾಷಣ

ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಆ ಮಾತನ್ನು ಯಾರೋ ನಮ್ಮ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರನ್ನು ನೋಡಿಯೇ ಕಟ್ಟಿರಬೇಕು. ಇಲ್ಲದಿದ್ದರೆ ಆ ಭಾನುವಾರ ಬೆಳಿಗ್ಗೆ ಅವರು ಮುಸುಕು ಹೊದ್ದು ಮಲಗಿರಬಹುದಾಗಿತ್ತು. ಕಾರ್ ರೇಸಿನ ವರ್ಷದ ಕಪ್ಪು ಆಗಲೇ ಅವರದಾಗಿರುತ್ತಿತ್ತು. ಕೊನೆಯದೊಂದು ರೇಸು ಉಳಿದಿತ್ತು, ಮೇಷ್ಟ್ರು ಹನ್ನೊಂದು ಅಂಕ ಮುಂದಿದ್ದರು. ಒಂದು ರೇಸು ಗೆದ್ದರೆ ಸಿಗುವುದೇ ಹತ್ತು. ಇದು ಲೆಕ್ಕ ಬಾರದವರಿಗೂ ಬರುವ ಲೆಕ್ಕ.

ಆದರೆ ಈ ವರ್ಷ ಕೊನೆಯ ರೇಸಿಗೆ ಎರಡರಷ್ಟು ಅಂಕ. ಹಾಗೆ ಮಾಡಿ ಎಂದು ಕೇಳಿಕೊಂಡವರು ಬೇರೆ ಯಾರೂ ಅಲ್ಲ, ಮೇಷ್ಟ್ರೇ.

ಅವರ ಕ್ಲಬ್ಬು ಅಂಥ ದೊಡ್ಡದೇನಲ್ಲ. ವಾರವಿಡೀ ಹೊಟ್ಟೆಪಾಡು ನೋಡಿಕೊಂಡು ಭಾನುವಾರ ಹಳೆಯ ಕಾರುಗಳನ್ನು ಓಡಿಸುವ ಒಂದಷ್ಟು ಜನ. ಟೈರ್ ಅಂಗಡಿಯವರು ಅಧ್ಯಕ್ಷರು, ಏಕೆಂದರೆ ಕಪ್ಪು ಕೊಡಿಸುವವರು ಅವರೇ. ವರ್ಷವೆಲ್ಲ ನಡೆದ ರೇಸುಗಳ ಅಂಕ ಕೂಡಿಸಿ, ಯಾರದು ಜಾಸ್ತಿಯೋ ಅವರಿಗೆ ಕಪ್ಪು. ಮೊದಲ ವರ್ಷ ಮೇಷ್ಟ್ರು ಎಲ್ಲರಿಗಿಂತ ಹೆಚ್ಚು ರೇಸು ಗೆದ್ದರು. ಗೆಲ್ಲದ ರೇಸುಗಳಲ್ಲಿ ಗಾಡಿ ಕೆಟ್ಟು ನಿಂತಿತು. ಒಂದನ್ನೂ ಗೆಲ್ಲದೆ, ಪ್ರತಿಸಲ ಎರಡನೆಯವರಾಗಿ ಬಂದ ಹಲ್ಲಿನ ಡಾಕ್ಟರಿಗೆ ಕಪ್ಪು ಹೋಯಿತು. ಮೇಷ್ಟ್ರ ಮುಖ ನೋಡಲಾರದೆ ಅಧ್ಯಕ್ಷರು, "ಮುಂದಿನ ವರ್ಷಕ್ಕೆ ನಿಯಮ ಏನಾದ್ರೂ ಬದಲಾಯಿಸಬೇಕಾ ಹೇಳಿ ಮೇಷ್ಟ್ರೇ, ಮಾಡೋಣ" ಅಂದರು. ಅಲ್ಲಿಂದ ಅದೇ ಪದ್ಧತಿಯಾಯಿತು. ಕಪ್ಪು ಸ್ವಲ್ಪದರಲ್ಲಿ ತಪ್ಪಿದವರು ಒಂದು ಕೋರಿಕೆ ಕೇಳುವುದು, ಸಭೆ ಚಪ್ಪಾಳೆ ತಟ್ಟಿ ಒಪ್ಪುವುದು.

ಗೆದ್ದವನಿಗೆ ಇನ್ನಷ್ಟು ಅಂಕ ಕೊಡಿ ಎಂದು ಮೇಷ್ಟ್ರು ಕೇಳಿದರು. ಕೊಟ್ಟರು. ಮರುವರ್ಷ ಮೇಷ್ಟ್ರು ಬುದ್ಧಿ ಕಲಿತು, ಗಾಡಿ ಕೆಡದ ಹಾಗೆ ಜೋಪಾನವಾಗಿ ಓಡಿಸಿ, ಸಾಲಾಗಿ ಎರಡನೆಯವರಾದರು. ಡಾಕ್ಟರು ಮಾತ್ರ ಧೈರ್ಯ ಮಾಡಿ ಓಡಿಸಿದರು. ಗೆದ್ದರೆ ಗೆದ್ದರು, ಇಲ್ಲದಿದ್ದರೆ ಚರಂಡಿಗೆ ಬಿದ್ದರು. ಹೆಚ್ಚಿಸಿದ ಅಂಕ ಅವರಿಗೇ ದಕ್ಕಿತು. "ಎಲ್ರಿಗೂ ಒಂದು ಕೆಟ್ಟ ದಿನ ಇರುತ್ತೆ, ಕಡಿಮೆ ಬಂದ ಒಂದು ರೇಸು ಬಿಟ್ಟು ಲೆಕ್ಕ ಹಾಕಿ" ಎಂದು ಮೇಷ್ಟ್ರು ಕೇಳಿಕೊಂಡರು. ಅದಕ್ಕೂ ಒಪ್ಪಿದರು. ಮೂರನೇ ವರ್ಷ ಡಾಕ್ಟರು ನೆಂಟರ ಮದುವೆಗೆ ಹೋಗಿ ಒಂದು ರೇಸಿಗೆ ಬರಲೇ ಇಲ್ಲ, ಹಾಗಾಗಿ ಅವರು ಬಿಟ್ಟದ್ದು ಸೊನ್ನೆ. ಮೇಷ್ಟ್ರಿಗೆ ಆ ವರ್ಷ ಕೆಟ್ಟ ದಿನವೇ ಇರಲಿಲ್ಲ. ಚಿನ್ನದಂಥ ಒಂದು ಎರಡನೇ ಸ್ಥಾನವನ್ನು ಕೈಯಾರೆ ಬಿಟ್ಟುಕೊಟ್ಟು, ಒಂದೇ ಒಂದು ಅಂಕದಲ್ಲಿ ಸೋತರು. ಆ ವರ್ಷದ ಕೊನೆಯ ರೇಸು ಗೆದ್ದವರು ಅವರೇ ಆಗಿದ್ದರಿಂದ, "ಬಿಡೋ ನಿಯಮ ತೆಗೀರಿ. ಕೊನೇ ರೇಸಿಗೆ ಎರಡರಷ್ಟು ಅಂಕ ಕೊಡಿ" ಅಂದರು. ಅದನ್ನೂ ಕೊಟ್ಟರು. ಮಾಡಿದ್ದುಣ್ಣೋ ಮಹಾರಾಯ.

"ಇವತ್ತಿಗೆ ಮುಗೀತಲ್ವಾ?" ಎಂದು ಹೆಂಡತಿ ಟೀ ಲೋಟ ಮುಂದಿಟ್ಟಳು.

"ಮುಗೀತು ಕಣೇ. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ನಾಳೆ ಗಾಡಿ ಮಾರಿಬಿಡೋದು."

"ಗುಜರಿಯವರಿಗೆ ಹೇಳಿಟ್ಟಿದೀನಿ."

"ಗುಜರಿಗಾ?"

"ಇನ್ಯಾರು ತಗೋತಾರೆ ಅದನ್ನ?"

ಮೇಷ್ಟ್ರು ಟೀ ಕುಡಿದರು. ಮೊಣಕಾಲು ನೋವು, ಸೊಂಟ ನೋವು, ವಾರದ ಆರು ದಿನ ಪಕ್ಕದ ಸೀಟಿನಲ್ಲಿ ಕೂತು ಕಲಿಯುವವರ ಪರವಾಗಿ ಬ್ರೇಕು ಒತ್ತಿ ಒತ್ತಿ ಬಂದ ಪಾದದ ನೋವು. ನಿಜ ಹೇಳಬೇಕೆಂದರೆ ಅವರಿಗೂ ಸಾಕಾಗಿತ್ತು. ಆದರೆ ಬರಿಗೈಯಲ್ಲಿ ಬಿಡಲು ಮನಸ್ಸು ಒಪ್ಪುತ್ತಿರಲಿಲ್ಲ. ಮೊದಲ ವರ್ಷವೇ ಹೆಂಡತಿ ಷೋಕೇಸಿನ ಮೇಲಿನ ಅರೆಯನ್ನು ಕಪ್ಪಿಗೆಂದು ಖಾಲಿ ಮಾಡಿದ್ದಳು. ಅಂದಿನಿಂದ ಪ್ರತಿ ವಾರ ಆ ಖಾಲಿ ಅರೆಯ ಧೂಳು ಒರೆಸುತ್ತಿದ್ದಳು. ಬಂದವರು ಕೇಳಿದರೆ, "ಅಲ್ಲೊಂದು ಹೂದಾನಿ ಇತ್ತು, ಒಡೆದುಹೋಯ್ತು" ಅನ್ನುತ್ತಿದ್ದಳು. ಈ ಸುಳ್ಳು ಕೇಳಿದಾಗೆಲ್ಲ ಮೇಷ್ಟ್ರು ಎದ್ದು ಹೊರಗೆ ಹೋಗಿ ಗಾಡಿಯ ಬಾನೆಟ್ಟು ಎತ್ತಿ ನೋಡುತ್ತಿದ್ದರು. ಒಂದು ಸಲ, ಒಂದೇ ಒಂದು ಸಲ, ಅಲ್ಲಿ ಕಪ್ಪು ತಂದಿಟ್ಟು ಕೈ ತೊಳೆದುಕೊಂಡರೆ ಸಾಕಿತ್ತು.

"ಇನ್ನೊಂದು ಮಾತು ರೀ. ಗೆದ್ದರೆ ಕಪ್ಪು ಇಸ್ಕೊಂಡು ಸುಮ್ಮನೆ ಕೆಳಗಿಳಿದು ಬನ್ನಿ. ಆ ಭಾಷಣ ಬೇಡ."

"ಎರಡೇ ಮಾತು ಕಣೇ."

"ನಿಮ್ಮ ಎರಡು ಮಾತು ನನಗೆ ಗೊತ್ತಿಲ್ವಾ? ನಾಲ್ಕು ವರ್ಷದಿಂದ ಬಚ್ಚಲುಮನೆಯಿಂದ ಕೇಳ್ತಾ ಇದೀನಿ. ಒಲೆ ಮೇಲೆ ಹಾಲಿಟ್ಟು ಕೇಳ್ತಾ ನಿಂತರೆ ಹಾಲು ಉಕ್ಕಿ, ಪಾತ್ರೆ ಸೀದು ಹೋಗುತ್ತೆ, ನೀವಿನ್ನೂ 'ಅಧ್ಯಕ್ಷರೇ' ಅಂತಾನೇ ಇರ್ತೀರಿ."

ಮೇಷ್ಟ್ರು ಮೆಟ್ಟಿಲಿಳಿಯುವಾಗ ಮೇಲಿನ ಮನೆಯ ವಿಮಾ ಏಜೆಂಟರು ಬಾಲ್ಕನಿಯಿಂದ ಬಗ್ಗಿದರು. "ಮೇಷ್ಟ್ರೇ, ಲೆಕ್ಕ ಹಾಕಿದೆ. ಡಾಕ್ಟ್ರು ಗೆದ್ದರೂ ನೀವು ನಾಲ್ಕನೆಯವರೊಳಗೆ ಬಂದ್ರೆ ಕಪ್ಪು ನಿಮ್ಮದೇ. ಐದನೆಯವರಾದ್ರೋ, ಒಂದು ಅಂಕದಲ್ಲಿ ಹೋಯ್ತು."

"ಗೊತ್ತು ಸ್ವಾಮಿ."

"ಆ ಎರಡರಷ್ಟು ಇಲ್ಲದೇ ಇದ್ದಿದ್ರೆ ಹೋದ ವಾರವೇ ಗೆದ್ದಿರ್ತಿದ್ರಿ. ಅದ್ಯಾವ ಪುಣ್ಯಾತ್ಮ ಮಾಡಿದ ನಿಯಮಾನೋ."

ಪುಣ್ಯಾತ್ಮರು ಕಾರು ಹತ್ತಿದರು.

ಆ ಕಾರಿನದೂ ಒಂದು ಕತೆ. ಅದು ಡ್ರೈವಿಂಗ್ ಸ್ಕೂಲಿನಲ್ಲಿ ವರ್ಷಗಟ್ಟಲೆ ದುಡಿದು, ನೂರಾರು ಜನರಿಂದ ಗೋಡೆಗೆ, ಕಂಬಕ್ಕೆ, ಮರಕ್ಕೆ ಗುದ್ದಿಸಿಕೊಂಡು ನಿವೃತ್ತಿಯಾದ ಗಾಡಿ. ಬಣ್ಣ ಬಳಿಸಿದ್ದರೂ ಹಿಂದೆ ಬರೆದಿದ್ದ 'ಕಲಿಯುವವರಿದ್ದಾರೆ, ಎಚ್ಚರ' ಎಂಬುದು ಬಿಸಿಲಿಗೆ ಮಸುಕಾಗಿ ಕಾಣುತ್ತಿತ್ತು. ಅದನ್ನು ಓದಲು ರೇಸಿನಲ್ಲಿ ಅವರ ಹಿಂದೆ ಬರುವವರಿಗೆ ಬೇಕಾದಷ್ಟು ಸಮಯ ಇರುತ್ತಿತ್ತು.

ಮೈದಾನದಲ್ಲಿ ಹೆಂಡತಿಯ ತಮ್ಮ ಕಾಯುತ್ತಿದ್ದ. ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಅವನು ರೇಸಿನ ದಿನ ಭಾವನ ಮೆಕ್ಯಾನಿಕ್ಕು. "ಭಾವ, ನಾಲ್ಕು ಸಾಕು. ಮೂರು ಬೇಡ, ಎರಡು ಬೇಡ. ನಾಲ್ಕು" ಅಂದ. ಚಹಾ ಮಾರುವವನು ನಾಲ್ಕು ಬೆರಳು ತೋರಿಸಿದ. ಗೇಟಿನವನೂ ತೋರಿಸಿದ. ಮೇಷ್ಟ್ರಿಗೆ ತಲೆ ಚಿಟ್ಟು ಹಿಡಿಯಿತು.

ಹಲ್ಲಿನ ಡಾಕ್ಟರು ಮಾತ್ರ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು. "ಎಡಗಡೆ ದವಡೆ ಹಲ್ಲು ಹೇಗಿದೆ ಮೇಷ್ಟ್ರೇ?"

"ಪರವಾಗಿಲ್ಲ ಡಾಕ್ಟ್ರೇ. ತಣ್ಣಗಿದ್ದದ್ದು ಕುಡಿದರೆ ಜುಮ್ ಅನ್ನುತ್ತೆ."

"ನಾಳೆ ಬನ್ನಿ, ನೋಡೋಣ. ಇವತ್ತು ನೀವೇ ಗೆಲ್ಲಬೇಕು ಅಂತ ನನಗೂ ಆಸೆ. ನಮ್ಮ ಮನೇಲಿ ಕಪ್ಪು ಇಡೋಕೆ ಜಾಗ ಇಲ್ಲ."

ಒಳ್ಳೆಯ ಮನುಷ್ಯ. ಅದೇ ಕಷ್ಟ. ಬೈದುಕೊಳ್ಳಲೂ ಆಗುತ್ತಿರಲಿಲ್ಲ.

ಇಪ್ಪತ್ತು ಸುತ್ತಿನ ರೇಸು. ಮೋಡ ಕವಿದಿದ್ದರಿಂದ ಅಧ್ಯಕ್ಷರು ಎಲ್ಲರನ್ನೂ ಕರೆದು ಹಳೆಯ ನಿಯಮ ನೆನಪಿಸಿದರು. ಮುಂದಿರುವ ಕಾರು ಹತ್ತು ಸುತ್ತು ಮುಗಿಸುವುದರೊಳಗೆ ಮಳೆಯಿಂದ ರೇಸು ನಿಂತರೆ ಎಲ್ಲರಿಗೂ ಅರ್ಧ ಅಂಕ. ಹತ್ತು ಮುಗಿದ ಮೇಲೆ ನಿಂತರೆ ಪೂರ್ತಿ ಅಂಕ. ಯಾರೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಮೇಷ್ಟ್ರಂತೂ ನಾಲ್ಕು, ನಾಲ್ಕು ಎಂದು ಜಪ ಮಾಡುತ್ತಿದ್ದರು.

ಬಾವುಟ ಬೀಸಿದರು, ಕಾರುಗಳು ಹೊರಟವು. ಡಾಕ್ಟರು ಎಲ್ಲರಿಗಿಂತ ಮುಂದೆ. ಮೇಷ್ಟ್ರು ನಾಲ್ಕನೆಯವರು. ಅವರ ಮುಂದೆ ಮೂರನೆಯವನಾಗಿ ಬೇಕರಿಯವನು. ಮೇಷ್ಟ್ರಿಗೆ ಜೀವನದಲ್ಲಿ ಮೊದಲ ಸಲ ಎಲ್ಲವೂ ಸರಿಯಾದ ಜಾಗದಲ್ಲಿದೆ ಅನ್ನಿಸಿತು. ಭಾಷಣದ ಮೊದಲ ವಾಕ್ಯ ತಾನಾಗಿ ಬಾಯಿಗೆ ಬಂತು.

ಈ ಬೇಕರಿಯವನು ಅವರ ಹಳೆಯ ಶಿಷ್ಯ. ಎಡ ತಿರುವಿನಲ್ಲಿ ಯಾವಾಗಲೂ ತಡವಾಗಿ ಬ್ರೇಕು ಹಾಕುವವನು. ಕಲಿಯುವಾಗ ಮೇಷ್ಟ್ರ ಪ್ರಾಣ ತಿಂದಿದ್ದ. ಆರನೇ ಸುತ್ತಿನಲ್ಲಿ ಅದೇ ಎಡ ತಿರುವು ಬಂತು. ಶಿಷ್ಯ ಬ್ರೇಕು ಹಾಕಲಿಲ್ಲ. ಹಿಂದಿದ್ದ ಮೇಷ್ಟ್ರ ಕಾಲು, ವಾರಕ್ಕೆ ಆರು ದಿನ ಮಾಡುವ ಕೆಲಸವನ್ನೇ ಮಾಡಿತು. ಶಿಷ್ಯನನ್ನು ಕಾಪಾಡಲು ಬ್ರೇಕನ್ನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒತ್ತಿತು.

ಶಿಷ್ಯ ತಿರುವನ್ನು ಬೆಣ್ಣೆಯಂತೆ ದಾಟಿ ಹೋದ. ಗುರುಗಳ ಕಾರು ಎರಡು ಸಲ ಗಿರ್ರನೆ ತಿರುಗಿ ಹುಲ್ಲಿನ ಮೇಲೆ ಹೋಗಿ ಕೂತಿತು. ಎಂಜಿನ್ನು ಆರಿತು. ಕೀಲಿ ತಿರುಗಿಸಿದರೆ ಕೆಮ್ಮಿತೇ ಹೊರತು ಏಳಲಿಲ್ಲ. ಒಂದೊಂದೇ ಕಾರು ಪಕ್ಕದಲ್ಲಿ ಹಾದು ಹೋಯಿತು. ಕೊನೆಗೆ ಎಂಜಿನ್ನು ಏಳುವ ಹೊತ್ತಿಗೆ ಮೇಷ್ಟ್ರು ಎಲ್ಲರಿಗಿಂತ ಹಿಂದೆ. ಹೆಂಡತಿಯ ತಮ್ಮ ಬೋರ್ಡಿನ ಮೇಲೆ 'ನಾಲ್ಕು' ಎಂದು ಬರೆದು ಹಿಡಿದಿದ್ದವನು ಅದನ್ನು ಮೆಲ್ಲಗೆ ಕೆಳಗಿಳಿಸಿ, ತಿರುಗಿಸಿ ಇಟ್ಟ.

"ಹಣೆಬರಹ" ಅಂದುಕೊಂಡು ಮೇಷ್ಟ್ರು ಓಡಿಸುತ್ತ ಹೋದರು. ಸಿಟ್ಟೂ ಬರಲಿಲ್ಲ. ಷೋಕೇಸಿನ ಅರೆಯ ಮೇಲೆ ನಿಜವಾಗಿಯೂ ಒಂದು ಹೂದಾನಿ ತಂದಿಟ್ಟುಬಿಡಬೇಕು ಎಂದು ಯೋಚಿಸಿದರು. ಅಷ್ಟರಲ್ಲಿ ಮಳೆ ಹಿಡಿಯಿತು. ಹಿಡಿದದ್ದು ಎಂಥ ಮಳೆ ಎಂದರೆ, ಮುಂದಿನ ಗಾಜಿನ ಮೇಲೆ ಯಾರೋ ಕೊಡಗಟ್ಟಲೆ ನೀರು ಸುರಿದಂತೆ. ಮೇಷ್ಟ್ರ ವೈಪರು ಒಂದು ಸಲ ಆ ಕಡೆ ಹೋದದ್ದು ಈ ಕಡೆ ಬರಲಿಲ್ಲ. ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿ ಓಡಿಸಿದರು. ಹಿಂದಿನಿಂದ ದೀಪ ಹಾಕಿಕೊಂಡು ಡಾಕ್ಟರು ಬಂದರು. ಮೇಷ್ಟ್ರಿಗಿಂತ ಒಂದು ಪೂರ್ತಿ ಸುತ್ತು ಮುಂದಿದ್ದರು. ಸ್ವಲ್ಪ ಹೊತ್ತಿನಲ್ಲಿ ಕೆಂಪು ಬಾವುಟ ಆಡಿತು. ರೇಸು ನಿಂತಿತು.

ಎಲ್ಲರೂ ಒದ್ದೆಯಾಗಿ ತಗಡಿನ ಷೆಡ್ಡಿಗೆ ಓಡಿದರು. ಮೇಷ್ಟ್ರ ಹೆಂಡತಿ ಫಲಿತಾಂಶದ ಹೊತ್ತಿಗೆಂದು ಬಂದವಳು ಒಂದು ಮೂಲೆಯಲ್ಲಿ ಕೊಡೆ ಮಡಚಿ ನಿಂತಿದ್ದಳು. ಗಂಡನ ಮುಖ ನೋಡಿದಳು. ಚೀಲದಿಂದ ಟವೆಲು ತೆಗೆದು ಕೊಟ್ಟಳು.

ಸುತ್ತು ಎಣಿಸುವವರು ಲೆಕ್ಕದ ತಾತ. ಬ್ಯಾಂಕಿನಿಂದ ನಿವೃತ್ತರು. ಸುತ್ತು ಮುಗಿಯುವ ಗೆರೆಯ ಪಕ್ಕ ಅಟ್ಟಣೆ ಮೇಲೆ ಟಾರ್ಪಾಲು ಕಟ್ಟಿಕೊಂಡು ಕೂತು ಎಣಿಸುತ್ತಾರೆ. ಅವರು ಕನ್ನಡಕ ಒರೆಸುತ್ತ ಬಂದು ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳಿದರು. ಅಧ್ಯಕ್ಷರು ಕುರ್ಚಿ ಹತ್ತಿದರು.

"ನಿಲ್ಲಿಸಿದಾಗ ಡಾಕ್ಟ್ರು ಮುಂದಿದ್ರು. ಆದ್ರೆ ಅವರು ಮುಗಿಸಿದ್ದು ಒಂಬತ್ತೇ ಸುತ್ತು. ಹತ್ತು ಆಗಿಲ್ಲ. ಹಾಗಾಗಿ ಅರ್ಧ ಅಂಕ. ಎರಡರಷ್ಟರಲ್ಲಿ ಅರ್ಧ ಅಂದ್ರೆ ಮಾಮೂಲಿ ಹತ್ತು."

ಷೆಡ್ಡಿನಲ್ಲಿ ಎಲ್ಲರ ಬೆರಳೂ ಮಡಚಿಕೊಂಡವು. ಮೇಷ್ಟ್ರು ಹನ್ನೊಂದು ಮುಂದೆ. ಡಾಕ್ಟರಿಗೆ ಹತ್ತು. ಕೊನೆಯವರಾದ ಮೇಷ್ಟ್ರಿಗೆ ಇವತ್ತಿನದು ಸೊನ್ನೆ.

"ಭಾವ, ಒಂದು ಅಂಕ" ಎಂದ ಹೆಂಡತಿಯ ತಮ್ಮ. "ಒಂದು ಅಂಕದಲ್ಲಿ ಗೆದ್ರಿ."

ಮೇಷ್ಟ್ರು ಕೊನೆಯವರಾಗಿ ಬಂದು ಗೆದ್ದಿದ್ದರು. ಯಾವ ನಿಯಮಕ್ಕೆ ವರ್ಷವೆಲ್ಲ ಶಾಪ ಹಾಕಿಸಿಕೊಂಡರೋ ಅದನ್ನು ಮಳೆ ಬಂದು ತೊಳೆದುಹಾಕಿತ್ತು. ಡಾಕ್ಟರು ಬಂದು ಅಪ್ಪಿಕೊಂಡರು, ನಿಜವಾದ ಸಂತೋಷದಿಂದಲೇ. ಬೇಕರಿಯವನು ಕಾಲು ಮುಟ್ಟಿದ. ಅಧ್ಯಕ್ಷರು ಕಪ್ಪು ಕೈಗಿತ್ತರು. ಅದು ಅವರು ಅಂದುಕೊಂಡಿದ್ದಕ್ಕಿಂತ ಹಗುರವಾಗಿತ್ತು. ಎರಡೂ ಕೈಯಲ್ಲಿ ಹಿಡಿದು ಹೆಂಡತಿಯ ಕಡೆ ನೋಡಿದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಒರೆಸಿಕೊಳ್ಳುತ್ತಲೇ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಸುಮ್ಮನೆ ಇಳಿದು ಬನ್ನಿ ಎಂದು.

"ಮೇಷ್ಟ್ರೇ, ಎರಡು ಮಾತು" ಅಂದುಬಿಟ್ಟರು ಅಧ್ಯಕ್ಷರು.

ನಾಲ್ಕು ವರ್ಷ ಬಚ್ಚಲುಮನೆಯಲ್ಲಿ ಕೊಳೆತ ಭಾಷಣ. ಇನ್ನು ತಡೆದೀತೇ? ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಅಧ್ಯಕ್ಷರೇ, ಲೆಕ್ಕದ ತಾತನವರೇ, ನನ್ನ ಎದುರಾಳಿಗಳೂ ನನ್ನ ಹಲ್ಲಿನ ವೈದ್ಯರೂ ಆದ ಡಾಕ್ಟ್ರೇ. ಗೆಲುವು ದೊಡ್ಡದಲ್ಲ. ನಿಯಮ ದೊಡ್ಡದು. ನಿಯಮ ಹೇಗೇ ಇರಲಿ, ತಲೆ ಬಾಗಬೇಕು. ಇನ್ನು ಮುಂದೆ ನಾನು ಯಾವ ನಿಯಮಕ್ಕೂ ತಕರಾರು ಎತ್ತೋನಲ್ಲ, ಇದು ನಿಮ್ಮೆಲ್ಲರ ಮುಂದೆ ಕೊಡೋ ಮಾತು."

ಚಪ್ಪಾಳೆ. ಹೆಂಡತಿ ತುಟಿಯ ಮೇಲಿನ ಬೆರಳು ತೆಗೆದಿರಲಿಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆ ಬರೆಯುವ ಕೆಲಸವೇ ಇರುತ್ತಿರಲಿಲ್ಲ. ಆದರೆ ಚಪ್ಪಾಳೆ ಕೇಳಿದ ಮೇಷ್ಟ್ರು ಎಲ್ಲಾದರೂ ನಿಲ್ಲಿಸುತ್ತಾರೆಯೇ?

"ನಾನು ಸ್ಕೂಲಿನಲ್ಲಿ ಎಲ್ರಿಗೂ ಮೊದಲು ಕಲಿಸೋದು ಒಂದೇ ಪಾಠ. ಹಿಂದಿನಿಂದ ಜೋರಾಗಿ ಬರೋರಿಗೆ ದಾರಿ ಬಿಡಿ. ದಾರಿ ಬಿಟ್ಟವನು ಚಿಕ್ಕವನಾಗಲ್ಲ. ಬರೀ ಬಾಯಲ್ಲಿ ಹೇಳೋದಲ್ಲ, ಇವತ್ತೇ ನೋಡಿ. ಅಷ್ಟು ಮಳೆ. ನಾನು ಗೆರೆ ಹತ್ರ ಇದ್ದೆ. ಹಿಂದೆ ಡಾಕ್ಟ್ರು ಬಂದ್ರು. ನಾನು ಬೇಕಾಗಿದ್ರೆ ಅಡ್ಡ ಇರಬಹುದಿತ್ತು. ಇರಲಿಲ್ಲ. ಕಿಟಕಿಯಿಂದ ಕೈ ಹಾಕಿ, ಹೀಗೆ, 'ಹೋಗಿ' ಅಂತ ಸನ್ನೆ ಮಾಡಿದೆ. ಅವರು ನನ್ನ ದಾಟಿ, ಗೆರೆ ದಾಟಿ, ಸೊಯ್ಯನೆ ಹೋದ್ರು. ಕೆಂಪು ಬಾವುಟ ಆಡಿದ್ದು ಆಮೇಲೆ. ಇದು ಕಣ್ರಪ್ಪ ಡ್ರೈವಿಂಗು."

ಚಪ್ಪಾಳೆಗೆಂದು ನಿಲ್ಲಿಸಿದರು. ಬರಲಿಲ್ಲ.

ಲೆಕ್ಕದ ತಾತ ನಿಧಾನವಾಗಿ ಕೈಯೆತ್ತಿದರು. "ಮೇಷ್ಟ್ರೇ, ತಪ್ಪು ತಿಳೀಬೇಡಿ. ಬಾವುಟ ಆಮೇಲೆ ಆಡ್ತಾ?"

"ಆಮೇಲೆ ಅಂದ್ರೆ..." ಎಂದರು ಮೇಷ್ಟ್ರು.

"ಅಲ್ಲ, ಆ ಹೊತ್ತಿಗೆ ಸರಿಯಾಗಿ ಟಾರ್ಪಾಲು ಹರಿದು ನನ್ನ ತಲೆ ಮೇಲೆ ನೀರು ಸುರೀತು. ಕನ್ನಡಕ ಒರೆಸಿ ನೋಡೋ ಹೊತ್ತಿಗೆ ಬಾವುಟ ಆಡ್ತಾ ಇತ್ತು, ಕಾರೊಂದೂ ಕಾಣಲಿಲ್ಲ. ಕಣ್ಣಾರೆ ನೋಡದ್ದು ಎಣಿಸಬಾರದು ಅಂತ ಒಂಬತ್ತಕ್ಕೇ ನಿಲ್ಲಿಸಿದೆ. ನೀವು ನೋಡಿದ್ದೀರಿ ಅಂದ್ರೆ ಅದು ಹತ್ತನೇದು."

ಡಾಕ್ಟರು ತಡಬಡಾಯಿಸಿದರು. "ನನಗೇನೂ ಗೊತ್ತಿಲ್ಲ, ನನ್ನ ಗಾಜೆಲ್ಲ ಮಂಜು ಕಟ್ಟಿತ್ತು. ಮೇಷ್ಟ್ರಿಗೂ ಸರಿಯಾಗಿ ಕಂಡಿರಲ್ಲ ಬಿಡಿ."

ಎಲ್ಲರೂ ಮೇಷ್ಟ್ರನ್ನು ನೋಡಿದರು. ಅವರಿಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಕಾಣಲಿಲ್ಲ ಅನ್ನಬಹುದಿತ್ತು. ಆದರೆ ಈಗಷ್ಟೇ ಕೈ ಬೀಸಿ ತೋರಿಸಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ್ದು ಸಾಲದೆಂದು ಅಭಿನಯ ಬೇರೆ ಮಾಡಿದ್ದರು.

"ಕಂಡಿತ್ತು" ಅಂದರು ಮೇಷ್ಟ್ರು. "ಹತ್ತು ಆಯ್ತು ತಾತ. ಬರ್ಕೊಳ್ಳಿ."

ಹತ್ತು ಸುತ್ತು ಮುಗಿದರೆ ಪೂರ್ತಿ ಅಂಕ. ಪೂರ್ತಿಯ ಎರಡರಷ್ಟು ಇಪ್ಪತ್ತು. ಡಾಕ್ಟರು ಬೇಡವೆಂದು ಕೈ ಆಡಿಸುತ್ತಿದ್ದರೂ ಮೇಷ್ಟ್ರೇ ಹೋಗಿ ಕಪ್ಪನ್ನು ಅವರ ಕೈಗೆ ಇಟ್ಟರು. ನಿಯಮಕ್ಕೆ ತಲೆ ಬಾಗಬೇಕೆಂದು ಅರೆಗಳಿಗೆಯ ಕೆಳಗೆ ಹೇಳಿದವರು ಇನ್ನೇನು ಮಾಡಿಯಾರು? ಡಾಕ್ಟರ ಕಣ್ಣಲ್ಲಿ ನೀರು ತುಂಬಿತು. "ಹಲ್ಲಿಗೆ ದುಡ್ಡು ತಗೊಳಲ್ಲ ಮೇಷ್ಟ್ರೇ" ಅಂದರು.

ಪದ್ಧತಿ ಬಿಡಲಾಗುತ್ತದೆಯೇ? ಅಧ್ಯಕ್ಷರು ಸಂಕೋಚದಿಂದಲೇ ಕೆಮ್ಮಿದರು. "ಮೇಷ್ಟ್ರೇ, ತಕರಾರು ಅಲ್ಲ ಅಂದ್ಕೊಳ್ಳಿ, ಬರೀ ಕೋರಿಕೆ. ಮುಂದಿನ ವರ್ಷಕ್ಕೆ ಏನು ಬದಲಾಯಿಸೋಣ? ಎರಡರಷ್ಟು ತೆಗೆದುಬಿಡೋಣ್ವಾ?"

ಮೇಷ್ಟ್ರಿಗೆ ದಣಿವಾಗಿತ್ತು. ನಾಲ್ಕು ವರ್ಷದ ದಣಿವು ಒಟ್ಟಿಗೆ ಬಂದು ಹೆಗಲ ಮೇಲೆ ಕೂತಂತಿತ್ತು. ಅಂಕ, ಅರ್ಧ, ಎರಡರಷ್ಟು ಯಾವುದೂ ಬೇಡವಾಗಿತ್ತು.

"ಅಂಕ ಹೇಗಾದ್ರೂ ಇರಲಿ" ಎಂದರು. "ಗೆದ್ದವರು ಭಾಷಣ ಮಾಡಬಾರದು ಅಂತ ಒಂದು ನಿಯಮ ಮಾಡಿ."

ಕ್ಲಬ್ಬಿನ ಇತಿಹಾಸದಲ್ಲಿ ಅಷ್ಟು ಜೋರು ಚಪ್ಪಾಳೆ ಯಾವ ಕೋರಿಕೆಗೂ ಬಿದ್ದಿರಲಿಲ್ಲ. ಅಲ್ಲಿಯೇ ಪಾಸಾಯಿತು. ಆಗಲೇ ಕೊಡೆ ಬಿಚ್ಚಿ ಕಾರಿನ ಕಡೆ ಹೋಗಿದ್ದ ಹೆಂಡತಿಗೆ ಮಾತ್ರ ಇದು ಕೇಳಿಸಲಿಲ್ಲ.

ಮನೆಯ ಕಡೆ ಗಾಡಿ ಹೊರಟಾಗ ಮಳೆ ಸಣ್ಣಗಾಗಿತ್ತು. ಹೆಂಡತಿ ಪಕ್ಕದಲ್ಲಿ ಕೂತು ಕೊಡೆ ಮಡಚಿ ಕಾಲ ಬಳಿ ಇಟ್ಟುಕೊಂಡಳು. ಮೇಷ್ಟ್ರು ಬೈಗುಳಕ್ಕೆ ಕಾಯುತ್ತಿದ್ದರು. ಅದು ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಗುಜರಿಯವರಿಗೆ ನಾಳೆ ಬರಬೇಡಿ ಅಂತ ಫೋನ್ ಮಾಡ್ತೀನಿ" ಅಂದಳು.

"ಯಾಕೆ?"

"ಇನ್ನೊಂದು ವರ್ಷ ನೋಡಿ. ಕಪ್ಪು ಕೈಯಲ್ಲಿ ಹಿಡ್ಕೊಂಡು ನಿಂತಿದ್ರಲ್ಲ, ಚೆನ್ನಾಗಿ ಕಾಣ್ತಿದ್ರಿ." ಸ್ವಲ್ಪ ತಡೆದು ಹೇಳಿದಳು. "ಬೈಬೇಕು ಅಂತಾನೇ ಇದ್ದೆ. ಆದ್ರೆ ಆ ಭಾಷಣ, ಬಚ್ಚಲುಮನೆಯಿಂದ ಕೇಳಿದಾಗ ಹಾಗೆ ಅನ್ನಿಸಿರಲಿಲ್ಲ. ನಿಂತು ಹೇಳಿದಾಗ ಚೆನ್ನಾಗಿತ್ತು ರೀ. ಅರ್ಧಕ್ಕೆ ನಿಂತುಹೋಯ್ತು ಅನ್ನೋದೇ ಬೇಜಾರು. ಮುಂದಿನ ವರ್ಷ ಗೆದ್ದು ಪೂರ್ತಿ ಮಾಡಿ, ನಾನು ಅಡ್ಡ ಬರಲ್ಲ."

ಮದುವೆಯಾದಾಗಿನಿಂದ ಮೇಷ್ಟ್ರ ಭಾಷಣವನ್ನು ಯಾರೂ ಚೆನ್ನಾಗಿತ್ತು ಅಂದಿರಲಿಲ್ಲ. ಆಗಲಿ ಕಣೇ ಎನ್ನಲು ಬಾಯಿ ತೆರೆದರು. ಈಗಷ್ಟೇ ಪಾಸು ಮಾಡಿಸಿದ ನಿಯಮ ನೆನಪಾಗಿ ತೆರೆದ ಬಾಯಿ ಹಾಗೇ ನಿಂತಿತು.

"ಏನ್ರೀ?"

"ಏನಿಲ್ಲ" ಅಂದರು ಮೇಷ್ಟ್ರು. ಹಿಂದಿನಿಂದ ಒಂದು ಲಾರಿ ಹಾರನ್ನು ಹೊಡೆಯಿತು. ಅವರು ಕಿಟಕಿ ಇಳಿಸಿ, ಕೈ ಹೊರಗೆ ಹಾಕಿ, ಹೋಗಪ್ಪಾ ಹೋಗು ಎಂದು ದಾರಿ ಬಿಟ್ಟರು.